ಭಿತ್ತಿಪತ್ರದ ಮೇಲಣ ರುಜು

ಅಂಚೆಯ ಚೀಟಿಗಳನ್ನೂ ಹಳೆಯ ನಾಣ್ಯಗಳನ್ನೂ ಕೂಡಿಡುವವರು ನಮ್ಮ ಮನೆಗಳಲ್ಲಿಯೂ ಉಂಟು. ಚಲನಚಿತ್ರಗಳ ಪ್ರಚಾರಕ್ಕಾಗಿ ಅಚ್ಚಾದ ಭಿತ್ತಿಪತ್ರಗಳನ್ನು, ಎಂದರೆ ಪೋಸ್ಟರುಗಳನ್ನು, ಸಂಗ್ರಹಿಸುವುದೂ ಇದೇ ಬಗೆಯ ಹವ್ಯಾಸ. ಇವರಲ್ಲಿ ಕೆಲವರಿಗೆ ಅನಿಮೇಷನ್ ಚಿತ್ರದ ಪೋಸ್ಟರೇ ಬೇಕು. ಅದರ ಮೇಲೆ ಚಿತ್ರವನ್ನು ನಿರ್ಮಿಸಿದವರ ಸ್ವಹಸ್ತದ ರುಜುವೂ ಇರಬೇಕು. ಅಮೆರಿಕದಲ್ಲಿ ಇಂತಹ ಕಾಗದಗಳಿಗೆ ದೊಡ್ಡ ಬೆಲೆ ಬರುವುದುಂಟು. ಬೆಲೆಯಿದ್ದೆಡೆಯಲ್ಲಿ ಮೋಸವೂ ಸುಳಿಯುವುದರಿಂದ ಈ ಹವ್ಯಾಸಕ್ಕೆ ವಿವೇಕವು ಅವಶ್ಯಕ.

ಇತರ ಚಿತ್ರಗಳಲ್ಲಿ ಯಾರ ರುಜು ಬೇಕೆಂಬ ಸಂದೇಹವಿಲ್ಲ. ತೆರೆಯ ಮೇಲೆ ಕಂಡ ನಟನಟಿಯರದೇ ಸಾಕು. ಅನಿಮೇಷನ್ ಚಿತ್ರದಲ್ಲಾದರೋ ತೆರೆಯ ಮೇಲೆ ಕಂಡವರು ರುಜು ಹಾಕಲಾರರು. ಸ್ನೋ ವೈಟಳೂ ಆಕೆಯ ಏಳು ಮಂದಿ ಕುಳ್ಳರೂ ಬರಿಯ ರೇಖೆ ಮತ್ತು ಬಣ್ಣ. ಹಾಗಾದರೆ ಯಾರ ಹೆಸರನ್ನು ಅರಸಬೇಕು?

ವಾಲ್ಟ್ ಡಿಸ್ನಿಯವರದೆಂದು ಎಲ್ಲರೂ ಹೇಳುವರು. ಮೊದಲನೆಯ ಎಡವು ಇಲ್ಲಿಯೇ. ಡಿಸ್ನಿಯವರಿಗೆ ಬರುತ್ತಿದ್ದ ಅಭಿಮಾನಿಗಳ ಪತ್ರಗಳು ಅಸಂಖ್ಯಾತವಾಗಿದ್ದುದರಿಂದ, ಅವರ ಸಮ್ಮತಿಯಿಂದಲೇ ಹ್ಯಾಂಕ್ ಪೋರ್ಟರ್ ಮೊದಲಾದ ಚಿತ್ರಕಾರರು ಅವರ ಹೆಸರನ್ನು ಬರೆದು ಕಳುಹಿಸುತ್ತಿದ್ದರು. ಇದು ವಂಚನೆಯಲ್ಲ, ಆದರೂ ಡಿಸ್ನಿಯವರ ಕೈಯಲ್ಲ. ಇನ್ನು ಪೋಸ್ಟರಿನ ಮೇಲೆ ಅಲಂಕಾರವಾಗಿ ಅಚ್ಚಾಗಿರುವ ಅವರ ಹೆಸರನ್ನೇ ರುಜುವೆಂದು ನಂಬುವ ಮುಗ್ಧರೂ ಉಂಟು. ಭೂತಗನ್ನಡಿಯಲ್ಲಿ ನೋಡಿದರೆ ಅಚ್ಚಿನ ಬರಹವು ಅನೇಕ ವೇಳೆ ಸಣ್ಣ ಚುಕ್ಕೆಗಳಾಗಿ ಒಡೆದು ಕಾಣುವುದು. ಕೈಬರಹದಲ್ಲಿ ಲೇಖನಿಯ ಒತ್ತೂ ಮಸಿ ಹರಿದ ಜಾಡೂ ತೋರುವುವು.

ಪಂಚಾಂಗವನ್ನು ತೆರೆದು ನೋಡುವುದು ಇನ್ನೂ ಸುಲಭವಾದ ಪರೀಕ್ಷೆ. ಡಿಸ್ನಿಯವರು 1966ರ ಡಿಸೆಂಬರ್ 15ರಂದು ತೀರಿಕೊಂಡರು. ಅವರ ಸಂಸ್ಥೆಯ 'ದಿ ಜಂಗಲ್ ಬುಕ್' ಚಿತ್ರವು ತೆರೆ ಕಂಡುದು 1967ರ ಅಕ್ಟೋಬರಿನಲ್ಲಿ. ಅದರ ಪೋಸ್ಟರಿನ ಮೇಲೆ ಅವರ ರುಜುವಿದೆಯೆಂದು ಮಾರುವವನನ್ನು ನಂಬುವುದೆಂತು? ಜೊತೆಗೆ ಪ್ರಮಾಣಪತ್ರವಿದ್ದರೂ, ಅದನ್ನು ಕೊಟ್ಟವನ ಯೋಗ್ಯತೆಯಷ್ಟೇ ಅದರ ಯೋಗ್ಯತೆ.

ದೊಡ್ಡ ಹೆಸರಿನ ಹಿಂದೆ ಓಡುವವರು ಮರೆಯುವ ಮಾತೊಂದುಂಟು. 1937ರ ಡಿಸೆಂಬರ್ 21ರಂದು ಲಾಸ್ ಏಂಜಲೀಸಿನಲ್ಲಿ ಮೊದಲು ಪ್ರದರ್ಶಿತವಾದ 'ಸ್ನೋ ವೈಟ್' ಸುಮಾರು 83 ನಿಮಿಷಗಳ ಚಿತ್ರ. ಸೆಕೆಂಡಿಗೆ 24 ಚೌಕಟ್ಟುಗಳಂತೆ ಎಣಿಸಿದರೆ 1,19,000ಕ್ಕೂ ಮಿಕ್ಕ ಚೌಕಟ್ಟುಗಳಾಗುವುವು. ಕಾಗದದ ಮೇಲಣ ರೇಖೆಗಳನ್ನು ಸೆಲ್ಯುಲಾಯ್ಡ್ ಹಾಳೆಗೆ ಮಸಿಯಲ್ಲಿ ಇಳಿಸಿ ಬಣ್ಣ ತುಂಬಿದವರಲ್ಲಿ ಹೆಚ್ಚಿನವರು ಹೆಂಗಸರು. ಲೋಕವು ಅವರ ಹೆಸರನ್ನು ಅರಿಯದು. ಸ್ನೋ ವೈಟಳಿಗೆ ಕಂಠವಿತ್ತ ಏಡ್ರಿಯಾನ ಕ್ಯಾಸಲೊಟಿಯವರ ಹೆಸರೂ ತೆರೆಯ ಮೇಲೆ ಬರಲಿಲ್ಲ. ಮುಂದೆ ಆಕೆ ಅಭಿಮಾನಿಗಳಿಗೆ ರುಜು ಹಾಕಿಕೊಡುತ್ತಿದ್ದರು, 1997ರಲ್ಲಿ ಕಾಲವಾದರು. ಸ್ನೋ ವೈಟಳ ಸುತ್ತ ಕುಳ್ಳರು ಕಣ್ಣೀರಿಡುವ ದೃಶ್ಯವನ್ನು ಬರೆದ ಫ್ರಾಂಕ್ ಥಾಮಸರು 2004ರವರೆಗೆ ಬಾಳಿದರು. ಬರೆದ ಬೊಂಬೆಗಳಿಂದ ನೋಡುವವರ ಕಣ್ಣಲ್ಲಿ ನೀರು ತರಿಸಿದ ಆ ಕೈಯ ರುಜು ಆ ಚಿತ್ರದ ಪೋಸ್ಟರಿಗೆ ಅದೆಷ್ಟು ಒಪ್ಪತಕ್ಕದ್ದು!

ದೊರೆತುದನ್ನು ಕಾಪಾಡುವುದೂ ಒಂದು ವಿದ್ಯೆ. ಅಮೆರಿಕದ ಹಳೆಯ ಪೋಸ್ಟರು ಸಾಮಾನ್ಯವಾಗಿ 27 ಅಂಗುಲ ಅಗಲ, 41 ಅಂಗುಲ ಎತ್ತರವಿದ್ದು, ಮಡಿಸಿಯೇ ಚಿತ್ರಮಂದಿರಗಳಿಗೆ ಬರುತ್ತಿತ್ತು. ಆದುದರಿಂದ ಮಡಿಕೆಯ ಗುರುತನ್ನು ಕಂಡು ಜರೆಯಬೇಕಾದುದಿಲ್ಲ. ಬಿಸಿಲು ಮಸಿಗೆ ಶತ್ರು. ಕಿಟಕಿಯ ಎದುರು ತೂಗಹಾಕಿದರೆ ಕೆಲವು ವರ್ಷಗಳಲ್ಲಿ ರುಜು ಮಾಸಿಹೋಗುವುದು. ಅಂಟುಪಟ್ಟಿಯನ್ನು ಹಚ್ಚಲಾಗದು; ಪ್ಲಾಸ್ಟಿಕ್ಕಿನಲ್ಲಿ ಬಿಸಿಮಾಡಿ ಮುಚ್ಚಿಸಲೂ ಆಗದು. ಆಮ್ಲವಿಲ್ಲದ ರಟ್ಟಿನ ನಡುವೆ ತಂಪಾದ, ಒಣಗಿದ ಎಡೆಯಲ್ಲಿ ಇಡುವುದು ಲೇಸು. ಮಾಸಿದ ರುಜುವಿನ ಮೇಲೆ ಹೊಸ ಮಸಿಯನ್ನು ತಿದ್ದುವುದಂತೂ ಅದನ್ನು ಕೊಂದಂತೆಯೇ ಸರಿ.

ಹಣವುಳ್ಳವರು ದೊಡ್ಡ ಹೆಸರನ್ನು ಕೊಳ್ಳಲಿ. ಆದರೆ ಚಿತ್ರವನ್ನು ಮನವಿಟ್ಟು ನೋಡಿ, ಯಾವ ರೇಖೆ ಯಾರದು, ಯಾವ ದನಿ ಯಾರದು ಎಂದು ವಿಚಾರಿಸಿ ತಿಳಿದವನು ಒಂದೇ ಒಂದು ಸಣ್ಣ ರುಜುವನ್ನು ಸಂಪಾದಿಸಿದರೂ ಆತನ ಸಂಗ್ರಹವೇ ಸಂಗ್ರಹ. ಮರೆಯಲ್ಲಿ ದುಡಿದವರ ಹೆಸರನ್ನು ಮನೆಯ ಮಕ್ಕಳಿಗೆ ಓದಿ ಹೇಳುವಂತಾದರೆ, ಆ ಕಾಗದಕ್ಕೆ ಅದಕ್ಕಿಂತ ಹಿರಿದಾದ ಬೆಲೆ ಬೇರೆ ಯಾವುದು?