ಒಂದು ಪೆಟ್ಟಿಗೆ, ಎರಡು ಒಲೆ

ಸಂಕ್ರಾಂತಿ ಮುಗಿಸಿಕೊಂಡು ನಮ್ಮ ತಾಯಿಯವರು ಸೇಡಂನಿಂದ ಮಣಿಕೊಂಡದ ನಮ್ಮ ಮನೆಗೆ ಬಂದರು. ತಾಂಡೂರು, ವಿಕಾರಾಬಾದುಗಳನ್ನು ಹಾದುಬರುವ ಆ ರೈಲಿನ ದಾರಿ ಅವರಿಗೆ ಹೊಸದಲ್ಲ. ೧೯೫೬ರ ನವೆಂಬರ್ ೧ರ ವರೆಗೆ ಸೇಡಂ ಹೈದರಾಬಾದ್ ರಾಜ್ಯದಲ್ಲೇ ಇದ್ದಿತಾದ್ದರಿಂದ, ಇದು ಪರಸ್ಥಳವೆಂದು ಅವರಿಗೆ ಎಂದೂ ಅನಿಸಿದ್ದಿಲ್ಲ. ಅನಿಸಿದ್ದು ನಮ್ಮ ಟೀವಿಯ ಮುಂದೆ ಕುಳಿತಾಗ. ಮಕ್ಕಳು ನೋಡುವುದು ಇಂಗ್ಲಿಷು, ಗೋಡೆಯಾಚೆಯಿಂದ ಕೇಳುವುದು ತೆಲುಗು. “ನಮ್ಮ ಹಾಡು ಇದರಾಗ ಬರಂಗಿಲ್ಲೇನು?” ಎಂದು ಎರಡನೆಯ ದಿನವೇ ಕೇಳಿದರು.

ಅವರು ಹೇಳಿದ್ದು ಸಿನಿಮಾ ಹಾಡನ್ನಲ್ಲ. ಕ್ಯಾಸೆಟ್ಟುಗಳ ಕಾಲದಲ್ಲಿ ನಮ್ಮ ತಂದೆಯವರು, ತಾಯಿಯವರೂ ಅವರ ಅಕ್ಕನೂ ಬೀಸುವ ಕಲ್ಲಿನ ಮುಂದೆ ಕುಳಿತು ಹಾಡುತ್ತಿದ್ದ ಪದಗಳನ್ನು ಟೇಪಿನಲ್ಲಿ ಹಿಡಿದಿಟ್ಟಿದ್ದರು. ದೊಡ್ಡಮ್ಮ ಈಗಿಲ್ಲ. ಟೇಪುಗಳಿಗೆ ಬೂಷ್ಟು ಹಿಡಿಯತೊಡಗಿದಾಗ ಅವನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಟೇಪುಗಳನ್ನು ಎಸೆದಿದ್ದೆವು. ಹೀಗಾಗಿ ಆ ಏಳು ಗಂಟೆಯ ಹಾಡು ಉಳಿದದ್ದು ನಮ್ಮ ಹಳೆಯ ಲ್ಯಾಪ್‌ಟಾಪಿನಲ್ಲಿ, ಅಲ್ಲಿ ಮಾತ್ರ.

ಆ ಲ್ಯಾಪ್‌ಟಾಪಿನದೊಂದು ಕಥೆ. ಅದರಲ್ಲಿರುವುದು ವಿಂಡೋಸ್ ೧೦. ಮೈಕ್ರೋಸಾಫ್ಟ್ ಸಂಸ್ಥೆ ೨೦೨೫ರ ಅಕ್ಟೋಬರ್ ೧೪ರಂದು ಅದರ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಹನ್ನೊಂದಕ್ಕೆ ಏರಲು ನಮ್ಮ ಮುದಿ ಯಂತ್ರಕ್ಕೆ ಅರ್ಹತೆಯಿಲ್ಲ. ತೆಗೆದುಹಾಕೋಣವೆಂದರೆ ನಮ್ಮ ಮನೆಯಾಕೆ ಅದರಲ್ಲೇ ಟ್ಯಾಲಿ ಹಾಕಿಕೊಂಡು ಎರಡು ಅಂಗಡಿಗಳ ಲೆಕ್ಕ ಬರೆಯುತ್ತಾರೆ. ವಿಂಡೋಸ್ ಇರಲೇಬೇಕು, ಟೀವಿಯಲ್ಲಿ ಹಾಡೂ ಬರಬೇಕು. ಒಂದೇ ಯಂತ್ರದಲ್ಲಿ ಎರಡು ವ್ಯವಸ್ಥೆಗಳನ್ನು ಹೂಡುವ ಯೋಚನೆ ಹುಟ್ಟಿದ್ದು ಹೀಗೆ. ಪಾಲಾದ ಅಣ್ಣತಮ್ಮಂದಿರು ಒಂದೇ ಮನೆಯಲ್ಲಿರುವುದಿಲ್ಲವೇ? ತಲೆಬಾಗಿಲು ಒಂದೇ, ಒಲೆ ಎರಡು.

ನಾವು ಆರಿಸಿದ ಮೀಡಿಯಾ ಸೆಂಟರಿನ ಹೆಸರು ಕೋಡಿ. “ಯಾವ ಕೆರೀದಪ್ಪಾ?” ಎಂದರು ತಾಯಿಯವರು. ಮನೆಯಲ್ಲಿರುವ ಹಾಡು, ಚಿತ್ರ, ಮದುವೆಯ ವಿಡಿಯೋಗಳನ್ನೆಲ್ಲ ದೂರದಿಂದಲೇ ಕಾಣುವ ದೊಡ್ಡ ಅಕ್ಷರಗಳಲ್ಲಿ ಟೀವಿಯ ಮೇಲೆ ಜೋಡಿಸಿಕೊಡುವ ಕಪಾಟು ಅದು. ಎಕ್ಸ್‌ಬಾಕ್ಸ್ ಎಂಬ ಆಟದ ಯಂತ್ರಕ್ಕಾಗಿ ಕೆಲವು ಉತ್ಸಾಹಿಗಳು ೨೦೦೨ರಲ್ಲಿ ಇದನ್ನು ತೊಡಗಿದರು; ಕೋಡಿ ಎಂಬ ಹೆಸರು ಬಂದದ್ದು ೨೦೧೪ರಲ್ಲಿ. ಮೈಕ್ರೋಸಾಫ್ಟಿನದೇ ವಿಂಡೋಸ್ ಮೀಡಿಯಾ ಸೆಂಟರ್ ೨೦೧೫ರಲ್ಲಿ ವಿಂಡೋಸ್ ೧೦ ಬರುವುದರೊಂದಿಗೆ ಕೊನೆಗೊಂಡಿತು. ಇದು ಇನ್ನೂ ಬಾಳುತ್ತಿದೆ, ಹಣವನ್ನೂ ಕೇಳುವುದಿಲ್ಲ. ಆದರೆ ಕಪಾಟಿನಲ್ಲಿ ಇಡುವ ಸರಕು ನಮ್ಮದೇ ಆಗಿರಬೇಕು. ಕದ್ದ ಚಲಚ್ಚಿತ್ರಗಳನ್ನು ತುಂಬಿ ಇದೇ ಹೆಸರಿನಲ್ಲಿ ಪೆಟ್ಟಿಗೆಗಳನ್ನು ಮಾರುವವರುಂಟು. ಕೋಡಿಯನ್ನು ಕಟ್ಟಿದವರೇ ಅವರನ್ನು ತಮ್ಮವರಲ್ಲವೆಂದಿದ್ದಾರೆ.

ಒಂದು ಮಾತನ್ನು ಮೊದಲೇ ಹೇಳಬೇಕು. ಕೋಡಿಯನ್ನು ವಿಂಡೋಸಿನ ಒಳಗೇ ಹಾಕಿಕೊಳ್ಳಬಹುದು. ಬಹಳ ಮನೆಗಳಿಗೆ ಅಷ್ಟೇ ಸಾಕು. ನಮಗೆ ಸಾಲಲಿಲ್ಲ. ಪರರ ಅಂಗಡಿಯ ಲೆಕ್ಕವಿರುವ ಜಾಗಕ್ಕೆ ಮಕ್ಕಳನ್ನು ಬಿಡುವುದು ಮನೆಯಾಕೆಗೆ ಒಪ್ಪಿಗೆಯಿಲ್ಲ. ಗುಂಡಿ ಒತ್ತಿದ ಕೂಡಲೆ ಹಾಡಿನ ಮನೆಯೇ ತೆರೆಯಬೇಕೆಂಬುದು ತಾಯಿಯವರ ಬಯಕೆ.

ಮೊದಲು ಲಿಬ್ರೆಎಲೆಕ್ ಎಂಬುದನ್ನು ಇಳಿಸಿಕೊಂಡೆವು. ೨೦೧೬ರಲ್ಲಿ ಹುಟ್ಟಿದ, ಕೋಡಿಯೊಂದನ್ನೇ ನಡೆಸಲು ಮಾಡಿದ ಪುಟ್ಟ ವ್ಯವಸ್ಥೆ. ಪೆನ್‌ಡ್ರೈವಿನಿಂದ ಅದು ಎದ್ದಿತು, ಡಿಸ್ಕನ್ನು ತೋರಿಸಿತು, ಮುಂದುವರಿಯಲೇ ಎಂದು ಕೇಳಿತು. ನಮ್ಮ ಬೆರಳು ಗುಂಡಿಯ ಮೇಲಿತ್ತು. ಬದಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ತಾಯಿಯವರು, “ಅಕ್ಕನ ಹಾಡು ಈಗ ಎಲ್ಲ್ಯಾವಪ್ಪಾ?” ಎಂದರು. ನಮ್ಮ ಎದೆ ಧಸಕ್ಕೆಂದಿತು. ಈ ಪುಣ್ಯಾತ್ಮ ಕೇಳುತ್ತಿದ್ದುದು ಪಾಲನ್ನಲ್ಲ, ಇಡೀ ಮನೆಯನ್ನು! ಒಪ್ಪಿಕೊಂಡಿದ್ದರೆ ವಿಂಡೋಸ್, ಟ್ಯಾಲಿ, ದೊಡ್ಡಮ್ಮನ ದನಿ ಎಲ್ಲವೂ ಒಂದೇ ಉಸಿರಿಗೆ ಅಳಿಸಿಹೋಗುತ್ತಿದ್ದವು.

ಯಂತ್ರವನ್ನು ಆರಿಸಿ, ಆ ಸಂಜೆಯೇ ಹೊರಗಿನ ಡಿಸ್ಕೊಂದನ್ನು ಕೊಂಡುತಂದೆವು. ಕುಗ್ಗಿಸದೆ, ಸಿ.ಡಿ.ಯ ಗುಣದಲ್ಲೇ ಇಟ್ಟರೂ ಗಂಟೆಯ ಹಾಡಿಗೆ ಸುಮಾರು ೬೩೫ ಎಂ.ಬಿ.; ಏಳು ಗಂಟೆಯದು ನಾಲ್ಕೂವರೆ ಜಿ.ಬಿ.ಯನ್ನು ಮೀರದು. ಇಷ್ಟಕ್ಕೆ ಇಷ್ಟು ವರ್ಷ ಸೋಮಾರಿತನ ಮಾಡಿದ್ದೆವಲ್ಲ ಎಂದು ನಾಚಿಕೆಯಾಯಿತು. ನಕಲು ಮಾಡಿ ಸುಮ್ಮನಾಗದೆ, ಪ್ರತಿಯೊಂದನ್ನೂ ತೆರೆದು ಕೇಳಿದೆವು.

ಆಮೇಲೆ ಉಬುಂಟು ೨೪.೦೪ನ್ನು ಹಿಡಿದೆವು, ಅದು ವಿಂಡೋಸಿನ ಪಕ್ಕದಲ್ಲಿ ಕೂರಲು ಒಪ್ಪುತ್ತದೆ. ಕೂರಿಸುವ ಮೊದಲು ವಿಂಡೋಸಿನಲ್ಲೇ ಮಾಡಿಕೊಳ್ಳಬೇಕಾದ ಕೆಲಸಗಳಿವೆ. ಬಿಟ್‌ಲಾಕರ್ ಎಂಬ ಬೀಗ ಹಾಕಿದ್ದರೆ ಅದರ ೪೮ ಅಂಕಿಗಳ ಕೀಲಿಯನ್ನು ಕಾಗದದ ಮೇಲೆ ಬರೆದಿಟ್ಟುಕೊಂಡು ಬೀಗವನ್ನು ತೆಗೆಯಬೇಕು. ‘ಫಾಸ್ಟ್ ಸ್ಟಾರ್ಟಪ್’ ಎಂಬುದನ್ನು ನಿಲ್ಲಿಸಬೇಕು. ಇದಿದ್ದರೆ ವಿಂಡೋಸ್ ಆರಿಸಿದಾಗ ಪೂರ್ತಿ ಮಲಗದೆ ಅರೆಗಣ್ಣಿನಲ್ಲಿರುತ್ತದೆ, ಪಕ್ಕದವನು ಅದರ ಡಿಸ್ಕಿನಲ್ಲಿ ಬರೆಯಹೋದರೆ ಜಗಳ. ಕೊನೆಗೆ ‘ಡಿಸ್ಕ್ ಮ್ಯಾನೇಜ್‌ಮೆಂಟ್’ ತೆರೆದು ವಿಂಡೋಸಿನ ಹಿಸ್ಸೆಯನ್ನು ಕುಗ್ಗಿಸಬೇಕು. ಉಬುಂಟುವಿಗೆ ೨೫ ಜಿ.ಬಿ. ಸಾಕೆನ್ನುತ್ತಾರೆ, ನಾವು ೬೦ ಬಿಟ್ಟೆವು. ಹೂಡುವಾಗ ಅದೂ ಎರಡು ದಾರಿ ತೋರಿಸುತ್ತದೆ: ವಿಂಡೋಸಿನ ಪಕ್ಕದಲ್ಲಿ ಹಾಕಲೇ, ಡಿಸ್ಕನ್ನೆಲ್ಲ ಅಳಿಸಿ ಹಾಕಲೇ? ಎರಡನೆಯದರ ಬಳಿಗೆ ಮಕ್ಕಳ ಕೈ ಹೋಗದಂತೆ ನಾವೇ ಕುಳಿತೆವು.

ಈಗ ಯಂತ್ರ ಎದ್ದೊಡನೆ ಒಂದು ಪಟ್ಟಿ ಬರುತ್ತದೆ. ಸುಮ್ಮನಿದ್ದರೆ ಉಬುಂಟು, ಬೇಕೆಂದರೆ ವಿಂಡೋಸ್. ಉಬುಂಟುವಿನಲ್ಲಿ ಕೋಡಿಯನ್ನು ಹಾಕಿದ ಮೇಲೆ, ಒಳಹೋಗುವ ಪರದೆಯ ಮೂಲೆಯ ಗಾಲಿಯ ಗುರುತನ್ನು ಒತ್ತಿ ಕೋಡಿಯನ್ನು ಆರಿಸಿದರೆ ನೇರವಾಗಿ ಅದೇ ತೆರೆಯುತ್ತದೆ. ಎಚ್‌.ಡಿ.ಎಮ್‌.ಐ. ತಂತಿಯಿಂದ ಟೀವಿಗೆ ಸಿಕ್ಕಿಸಿದೆವು. ಕೋರೆ ಎಂಬ ಆ್ಯಪಿನಿಂದ ಹಳೆಯ ಫೋನೇ ರಿಮೋಟಾಯಿತು.

ಮಾರನೆಯ ದಿನ ಮನೆಯಾಕೆ ಮುಖ ಗಂಟಿಕ್ಕಿಕೊಂಡು ಬಂದರು. ವಿಂಡೋಸಿನ ಗಡಿಯಾರ ಐದೂವರೆ ಗಂಟೆ ಹಿಂದಿತ್ತು. ಬೆಳಗಿನ ಲೆಕ್ಕವೆಲ್ಲ ಸರಿರಾತ್ರಿಯದು ಎನ್ನುತ್ತಿತ್ತು. ಯಂತ್ರದೊಳಗಿನ ಗಡಿಯಾರವನ್ನು ಉಬುಂಟು ಜಾಗತಿಕ ಕಾಲಕ್ಕೆ ತಿರುಗಿಸಿದರೆ, ವಿಂಡೋಸ್ ಅದನ್ನೇ ಭಾರತದ ಕಾಲವೆಂದು ಓದುತ್ತದೆ. ಸ್ಥಳೀಯ ಕಾಲವನ್ನೇ ಇಟ್ಟುಕೊಳ್ಳುವಂತೆ ಉಬುಂಟುವಿಗೆ ಒಂದು ಸಾಲಿನ ಆಜ್ಞೆ ಕೊಟ್ಟ ಮೇಲೆ ಮನೆಯಲ್ಲಿ ಶಾಂತಿ ನೆಲೆಸಿತು.

ತಾಯಿಯವರಿಗೆ ಇಂಗ್ಲಿಷ್ ಓದಲು ಬಾರದು. ಕೋಡಿಯಲ್ಲಿ, ಹಾಡುಗಳಿರುವ ಫೋಲ್ಡರಿನೊಳಗೆ ‘ಫೋಲ್ಡರ್’ ಎಂಬ ಹೆಸರಿನ ಜೆಪಿಜಿ ಚಿತ್ರವೊಂದನ್ನು ಇಟ್ಟರೆ ಅದೇ ಮುಖಚಿತ್ರವಾಗುತ್ತದೆ. ಮಗಳು ಬೀಸುವ ಕಲ್ಲಿನ ಚಿತ್ರ ಬರೆದು, ಫೋಟೋ ತೆಗೆದು ಇಟ್ಟಳು. “ಆಯೀ, ಕಲ್ಲನ್ನು ಒತ್ತು” ಎಂದಳು. ಒತ್ತಿದರು.

ದೊಡ್ಡಮ್ಮನ ದನಿ ಟೀವಿಯಿಂದ ಬಂದಾಗ ತಾಯಿಯವರು ಏನೂ ಹೇಳಲಿಲ್ಲ. ಮೂರನೆಯ ಪದ ಅರ್ಧಕ್ಕೆ ನಿಂತಿತು. ಅಂದು ಟೇಪು ಅಲ್ಲಿಗೇ ಮುಗಿದಿತ್ತಂತೆ. “ಇನ್ನೂ ನಾಕು ನುಡಿ ಅದಾವ” ಎಂದು ತಾಯಿಯವರೇ ಮುಂದಕ್ಕೆ ಹಾಡಿದರು. ಮಗಳು ಫೋನಿನಲ್ಲಿ ಹಿಡಿದುಕೊಂಡಳು. ಆ ನಾಲ್ಕು ನುಡಿಯೂ ಈಗ ಎರಡು ಡಿಸ್ಕುಗಳಲ್ಲಿ ಇದೆ; ಮೂರನೆಯ ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು, ತಾಯಿಯವರು ಸೆರಗಿನ ತುದಿಗೆ ಗಂಟು ಕಟ್ಟಿ ಸೇಡಂಗೆ ಒಯ್ದಿದ್ದಾರೆ.