ಶೇ 1ರ ಪ್ಯಾಕೆಟ್ ನಷ್ಟ: 100 ಎಂಬಿಪಿಎಸ್ ಲೈನಿನಲ್ಲಿ ದಕ್ಕುವುದು 14

ಅಹಮದಾಬಾದಿನಲ್ಲಿ ಕೇಂದ್ರ ಕಚೇರಿ, ವಡೋದರಾದಲ್ಲಿ ಕಾರ್ಖಾನೆ, ಸೂರತ್‌ನಲ್ಲಿ ಮಾರಾಟ ವಿಭಾಗ ಇರುವ ಒಂದು ಸಂಸ್ಥೆಯ ಲೆಕ್ಕ ಹಾಕೋಣ. ಮೂರೂ ಕಡೆ ಒಂದೊಂದು ಫೈರ್‌ವಾಲ್, ನಡುವೆ 100 ಎಂಬಿಪಿಎಸ್ ಲೀಸ್ಡ್ ಲೈನ್. ಜಾಲ ನಿಧಾನವಾಯಿತೆಂದರೆ ದೊಡ್ಡ ಫೈರ್‌ವಾಲಿಗೋ ಹೆಚ್ಚಿನ ಬ್ಯಾಂಡ್‌ವಿಡ್ತ್‌ಗೋ ಕೊಟೇಶನ್ ತರಿಸುವುದು ವಾಡಿಕೆ. ಅದಕ್ಕೆ ಮೊದಲು ಫೈರ್‌ವಾಲ್ ಇಂಟರ್‌ಫೇಸಿನ ದೋಷ ಕೌಂಟರ್ ಓದಬೇಕು. ಓದಲು ಒಂದು ರೂಪಾಯಿಯೂ ಬೇಡ.

ಅಹಮದಾಬಾದ್–ಸೂರತ್ ರಸ್ತೆ ದೂರ ಸುಮಾರು 265 ಕಿ.ಮೀ.; ಹೆಚ್ಚುಕಡಿಮೆ ಬೆಂಗಳೂರಿನಿಂದ ದಾವಣಗೆರೆಗೆ ಇರುವಷ್ಟು. ಫೈಬರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಸಾಗುವುದರಿಂದ ಹೋಗಿಬರಲು 2.65 ಮಿಲಿಸೆಕೆಂಡ್ ಸಾಕು. ಸುತ್ತು ದಾರಿ, ಉಪಕರಣಗಳಲ್ಲಿನ ಸರದಿ ಎಲ್ಲ ಸೇರಿ 10 ಮಿಲಿಸೆಕೆಂಡ್ ಎಂದಿಟ್ಟುಕೊಳ್ಳೋಣ. ಮ್ಯಾಥಿಸ್ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದ ಸೂತ್ರದಂತೆ, ಒಂದು ಟಿಸಿಪಿ ಸಂಪರ್ಕಕ್ಕೆ ಸಿಗುವ ವೇಗ ಮತ್ತು 50 ಜಿಬಿ ಬ್ಯಾಕಪ್‌ಗೆ ಹಿಡಿಯುವ ಹೊತ್ತು ಹೀಗಿದೆ:

• ನಷ್ಟ ಶೇ 0.01: ಲೈನಿನ ಪೂರ್ತಿ 100 ಎಂಬಿಪಿಎಸ್; 1 ಗಂಟೆ 7 ನಿಮಿಷ
• ನಷ್ಟ ಶೇ 0.1: 45 ಎಂಬಿಪಿಎಸ್, ಸುಮಾರು 2 ಗಂಟೆ 30 ನಿಮಿಷ
• ನಷ್ಟ ಶೇ 1: 14 ಎಂಬಿಪಿಎಸ್, ಸುಮಾರು 8 ಗಂಟೆ

ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) 2006ರ ಬ್ರಾಡ್‌ಬ್ಯಾಂಡ್ ಗುಣಮಟ್ಟ ನಿಯಮದಲ್ಲಿ ನಷ್ಟದ ಮಿತಿ ಶೇ 1ಕ್ಕಿಂತ ಕಡಿಮೆ ಎಂದಿತ್ತು. ಕಚೇರಿಯ ಬ್ಯಾಕಪ್‌ಗೆ ಆ ಮಿತಿ ಏನೇನೂ ಸಾಲದು.

4 ಪಿಂಗ್ ಸಾಲದು

ವಿಂಡೋಸ್‌ನ ಪಿಂಗ್ ತಾನಾಗಿ ಕಳಿಸುವುದು 4 ಪ್ಯಾಕೆಟ್. ಶೇ 1 ನಷ್ಟವಿರುವ ಲೈನಿನಲ್ಲೂ 100ರಲ್ಲಿ 96 ಸಲ ಆ ನಾಲ್ಕೂ ಸುರಕ್ಷಿತವಾಗಿ ವಾಪಸಾಗುತ್ತವೆ, 'ಲೈನ್ ಸರಿಯಿದೆ' ಎಂಬ ವರದಿ ಹೋಗುತ್ತದೆ. ಒಂದಾದರೂ ನಷ್ಟ ಕಣ್ಣಿಗೆ ಬೀಳುವ ಶೇ 95ರ ಖಾತರಿ ಬೇಕಿದ್ದರೆ 300 ಪಿಂಗ್ ಬೇಕು. ನಷ್ಟ ಶೇ 0.1 ಆಗಿದ್ದರೆ 3,000.

ಕೌಂಟರ್ ಇದಕ್ಕಿಂತ ನಂಬಿಕಸ್ಥ. ಆದರೆ ಅದು ತೋರಿಸುವುದು ಉಪಕರಣ ಚಾಲೂ ಆದಂದಿನಿಂದ ಅಥವಾ ಕೊನೆಯ ಸಲ ಸೊನ್ನೆ ಮಾಡಿದಂದಿನಿಂದ ಕೂಡಿಬಂದ ಮೊತ್ತ. ಹಾಗಾಗಿ 10 ನಿಮಿಷ ಬಿಟ್ಟು ಎರಡು ಸಲ ಓದಿ ಕಳೆಯಬೇಕು. ಆ ಅವಧಿಯಲ್ಲಿ ಒಳಬಂದ ಪ್ಯಾಕೆಟ್ 20 ಲಕ್ಷ, ಸಿಆರ್‌ಸಿ ದೋಷ (ದಾರಿಯಲ್ಲಿ ಕೆಟ್ಟು ಬಂದ ಫ್ರೇಮಿನ ಲೆಕ್ಕ) 2,000 ಏರಿದ್ದರೆ ನಷ್ಟ ಶೇ 0.1. ಗಿಗಾಬಿಟ್ ತಾಮ್ರದ ಕೇಬಲಿಗೆ ಮಾನದಂಡ ಒಪ್ಪುವುದು 1,000 ಕೋಟಿ ಬಿಟ್‌ಗೆ ಒಂದು ತಪ್ಪು, ಅಂದರೆ ಪೂರ್ಣ ಗಾತ್ರದ ಸುಮಾರು 8.2 ಲಕ್ಷ ಫ್ರೇಮಿಗೆ ಒಂದು. ಅದರ ಮುಂದೆ 1,000ಕ್ಕೆ ಒಂದು ಎಂದರೆ 800 ಪಟ್ಟಿಗೂ ಹೆಚ್ಚು.

ಯಾವ ಅಂಕಿ, ಯಾವ ದೋಷ

ಸಿಆರ್‌ಸಿ ಏರುತ್ತಿದ್ದರೆ ಮೊದಲು ಪ್ಯಾಚ್ ಕಾರ್ಡ್ ಬದಲಿಸಿ, ತಾಮ್ರದ ಓಟ 100 ಮೀಟರ್ ಮೀರಿದೆಯೇ ನೋಡಿ. ಫೈಬರ್ ಆದರೆ ಮಾಡ್ಯೂಲಿಗೆ ತಲುಪುವ ಬೆಳಕನ್ನು ಅಳೆಯಿರಿ: 1000ಬೇಸ್-ಎಲ್‌ಎಕ್ಸ್‌ಗೆ ಅದು −3ರಿಂದ −19 ಡಿಬಿಎಂ ನಡುವೆ ಇರಬೇಕು, 3 ಡಿಬಿ ಇಳಿದರೆ ಬೆಳಕು ಅರ್ಧವಾದಂತೆ.

100 ಎಂಬಿಪಿಎಸ್ ಪೋರ್ಟಿನಲ್ಲಿ ಒಂದು ತುದಿಯನ್ನು ಫುಲ್ ಡ್ಯುಪ್ಲೆಕ್ಸ್‌ಗೆ ಕಟ್ಟಿಹಾಕಿ ಇನ್ನೊಂದನ್ನು ಆಟೋದಲ್ಲಿ ಬಿಟ್ಟರೆ, ಆಟೋ ತುದಿ ಹಾಫ್‌ಗೆ ಇಳಿಯುತ್ತದೆ. ಆಗ ಫುಲ್ ತುದಿಯಲ್ಲಿ ಸಿಆರ್‌ಸಿ ಏರುತ್ತದೆ, ಹಾಫ್ ತುದಿಯಲ್ಲಿ ಲೇಟ್ ಕೊಲಿಶನ್ ಏರುತ್ತದೆ. ಎರಡೂ ತುದಿಯನ್ನು ಆಟೋ ಮಾಡಿದರೆ ದೋಷ ಹೋಗುತ್ತದೆ, ಖರ್ಚು ಸೊನ್ನೆ.

ಸಿಆರ್‌ಸಿ ಸೊನ್ನೆಯಿದ್ದು ಹೊರಹೋಗುವ ಡ್ರಾಪ್ ಏರಿದರೆ ಕೇಬಲಿನ ತಪ್ಪಲ್ಲ. ಒಳಗಿನ 1 ಜಿಬಿಪಿಎಸ್ ಹೊರಗಿನ 100ಕ್ಕೆ ನುಗ್ಗುವಾಗ 1 ಎಂಬಿ ಬಫರ್ ಸುಮಾರು 9 ಮಿಲಿಸೆಕೆಂಡಿನಲ್ಲಿ ತುಂಬಿಬಿಡುತ್ತದೆ. ಶೇಪಿಂಗ್ ಹಾಕಿ 95 ಎಂಬಿಪಿಎಸ್‌ಗೆ ಮಿತಿಗೊಳಿಸಿದರೆ ಯಾವ ಪ್ಯಾಕೆಟ್ ಮೊದಲು ಹೋಗಬೇಕೆಂಬುದು ನಿಮ್ಮ ಕೈಯಲ್ಲಿರುತ್ತದೆ. ಫೋನ್ ಕರೆ ಮುಂದೆ, ಬ್ಯಾಕಪ್ ಹಿಂದೆ.

ಓವರ್‌ರನ್ ಮತ್ತು ನೋ ಬಫರ್ (ಬಂದ ಪ್ಯಾಕೆಟನ್ನು ಉಪಕರಣ ಹಿಡಿದುಕೊಳ್ಳಲಾಗದ ಲೆಕ್ಕ) ಏರಿದಾಗ ಮಾತ್ರ ಫೈರ್‌ವಾಲಿನ ಸಾಮರ್ಥ್ಯದ ಪ್ರಶ್ನೆ ಬರುತ್ತದೆ. 1 ಜಿಬಿಪಿಎಸ್ ಎಂದರೆ 1,518 ಬೈಟಿನ ಫ್ರೇಮಾದರೆ ಸೆಕೆಂಡಿಗೆ 81,274. 64 ಬೈಟಿನದಾದರೆ 14,88,095. ಫೈರ್‌ವಾಲಿನ ವಿವರಪಟ್ಟಿಯಲ್ಲಿ ಬರೆದಿರುವ ವೇಗ ಯಾವ ಗಾತ್ರದ ಪ್ಯಾಕೆಟಿಗೆ ಎಂದು ಮಾರಾಟಗಾರರನ್ನು ಕೇಳಲೇಬೇಕು.

ಆದ್ದರಿಂದ ಕ್ರಮ ಹೀಗಿರಲಿ: ಕೇಬಲ್, ಸೆಟ್ಟಿಂಗ್, ಶೇಪಿಂಗ್, ಕೊನೆಗೆ ಖರೀದಿ. ಕೊಟೇಶನ್ ಸಹಿಗೆ ಬಂದಾಗ ಮೂರೂ ಊರಿನ ಫೈರ್‌ವಾಲ್‌ಗಳ ಎರಡೆರಡು ಓದಿನ ಅಂಕಿಗಳು ಅದರ ಜೊತೆಗಿರಬೇಕು. ಇಲ್ಲದಿದ್ದರೆ ಸಹಿ ಹಾಕಬಾರದು.