ಕಾಗುಣಿತದ ತಪ್ಪು ಎಷ್ಟು ದೊಡ್ಡದು?

ನಾಂಪಲ್ಲಿಯಲ್ಲಿ ನೆಲೆಸಿದ ಕನ್ನಡಿಗನು ಊರಿಗೆ ಕಾಗದ ಬರೆಯುವಾಗ ತನ್ನ ವಿಳಾಸದಲ್ಲಿಯೇ ಎಡವುವುದುಂಟು. ತೆಲುಗಿನ ‘ಪಲ್ಲಿ’ಯು ಕನ್ನಡದ ‘ಹಳ್ಳಿ’ಗೆ ಸೋದರಿ, ಆದುದರಿಂದ ಕೈ ತಾನಾಗಿ ‘ನಾಂಪಳ್ಳಿ’ ಎಂದು ಬರೆದುಬಿಡುತ್ತದೆ. ಓದುವವರಿಗೆ ಅದರಿಂದ ತೊಡಕಿಲ್ಲ. ಆದರೆ ಆ ಮನೆಯ ಮಗು ‘ನಮ್ಮ ಹಳ್ಳಿ’ ಎನ್ನಲು ‘ನಮ್ಮ ಹಲ್ಲಿ’ ಎಂದು ಬರೆದರೆ, ಊರು ಮಾಯವಾಗಿ ಗೋಡೆಯ ಮೇಲಿನ ಜೀವಿ ಬಂದು ಕೂರುತ್ತದೆ!

ಶಾಲೆಯಲ್ಲಿ ತೆಲುಗು ಕಲಿಯುವ ಮಕ್ಕಳ ಕನ್ನಡದಲ್ಲಿ ಇಂತಹ ತಪ್ಪುಗಳು ಸಹಜ. ಎರಡು ಲಿಪಿಗಳೂ ಒಂದೇ ಮೂಲದಿಂದ ಕವಲೊಡೆದವು; ಆ ಸಾಮ್ಯವೇ ಇಲ್ಲಿ ತೊಡಕು. ತೆಲುಗಿನಲ್ಲಿ ‘ಕೇ’ ಎಂಬುದರ ದೀರ್ಘವು ಏತ್ವದ ರೂಪದಲ್ಲಿಯೇ ಅಡಗಿದೆ. ಕನ್ನಡದಲ್ಲಿ ದೀರ್ಘದ ಗುರುತನ್ನು ಬೇರೆಯಾಗಿ ಇಡಬೇಕು. ಮಗು ಅದನ್ನು ಮರೆತರೆ, ಹಿತ್ತಿಲಲ್ಲಿ ಹರಿದ ಕೇರೆಹಾವು ‘ಕೆರೆ’ಯಾಗುತ್ತದೆ. ಅಜ್ಜನಾದವನು ನಕ್ಕು, ಸರಿಯಾದುದನ್ನು ಬರೆದು ಉತ್ತರಿಸಿದರೆ ಸಾಕು. ಕೆಂಪು ಮಸಿಯಲ್ಲಿ ತಿದ್ದಿ ಹಿಂದಿರುಗಿಸಿದರೆ ಮುಂದಿನ ಕಾಗದ ಇಂಗ್ಲಿಷಿನಲ್ಲಿ ಬರುವುದು ನಿಶ್ಚಯ. ‘ವಿದ್ಯಾರ್ಥಿ’ಯನ್ನು ‘ವಿಧ್ಯಾರ್ಥಿ’ ಎಂದು ಬರೆಯುವ ಪದವೀಧರರೇ ಬೇಕಾದಷ್ಟು ಮಂದಿ ಇರುವಾಗ ಮಗುವಿನ ಮೇಲೇಕೆ ಮುನಿಸು? 13ನೆಯ ಶತಮಾನದಲ್ಲಿ ಕೇಶಿರಾಜನು ಶ್ರದ್ಧೆಯಿಂದ ವಿವರಿಸಿದ ‘ೞ’ ಅಕ್ಷರವೇ ಇಂದು ಬಳಕೆಯಲ್ಲಿಲ್ಲ, ಕನ್ನಡ ಉಳಿದಿದೆ.

ಆದರೆ ದಸ್ತಾವೇಜಿನ ಮಾತು ಬೇರೆ. ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳು 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದು, 1956ರಲ್ಲಿ ಮೈಸೂರು ರಾಜ್ಯವನ್ನು ಸೇರಿದವು. ಅಲ್ಲಿಂದ ಬಂದ ಎಷ್ಟೋ ಕುಟುಂಬಗಳ ಹಿರಿಯರ ಹೆಸರು ಮೊದಲು ಉರ್ದುವಿನಲ್ಲಿ, ಬಳಿಕ ಕನ್ನಡದಲ್ಲಿ, ಈ ನಗರದಲ್ಲಿ ಇಂಗ್ಲಿಷಿನಲ್ಲಿ ದಾಖಲಾಗಿದೆ. ಉರ್ದುವಿಗೂ ಇಂಗ್ಲಿಷಿಗೂ ‘ಳ’ಕಾರಕ್ಕೆ ಪ್ರತ್ಯೇಕ ಅಕ್ಷರವಿಲ್ಲ. ಹೀಗಾಗಿ ಪಹಣಿಯ ‘ಕಾಳಮ್ಮ’ ಒಂದು ಕಡೆ ‘ಕಾಲಮ್ಮ’, ಮತ್ತೊಂದು ಕಡೆ ‘ಕಲಮ್ಮ’. ಬದುಕಿರುವಷ್ಟು ಕಾಲ ಇದು ಯಾರ ಗಮನಕ್ಕೂ ಬಾರದು. ಖಾತೆದಾರನು ತೀರಿಕೊಂಡು, ವಿಧವೆಯು ಠೇವಣಿ ಕೇಳಲು ಬ್ಯಾಂಕಿಗೆ ಬಂದ ದಿನ ಮೂವರು ಹೆಂಗಸರೂ ಒಬ್ಬಳೇ ಎಂದು ಅವಳೇ ರುಜುವಾತುಪಡಿಸಬೇಕಾಗುತ್ತದೆ.

ಚೆಕ್ಕಿನಲ್ಲಿಯೂ ಅಕ್ಷರಕ್ಕೇ ಹಿರಿಮೆ. ಅಂಕಿಯ ಮೊತ್ತಕ್ಕೂ ಅಕ್ಷರದ ಮೊತ್ತಕ್ಕೂ ವ್ಯತ್ಯಾಸವಿದ್ದರೆ, 1881ರ ವರ್ಗಾವಣೀಯ ಪತ್ರಗಳ ಕಾಯಿದೆಯ 18ನೆಯ ಕಲಮಿನಂತೆ ಅಕ್ಷರದಲ್ಲಿ ಬರೆದುದೇ ಮೊತ್ತ. ಬ್ಯಾಂಕು ಅಂತಹ ಚೆಕ್ಕನ್ನು ಹಿಂದಿರುಗಿಸುವುದೂ ಉಂಟು.

ಒಂದು ಭಾನುವಾರ ಪಾಸ್‌ಬುಕ್ಕು, ಪಿಂಚಣಿ ಆದೇಶ, ಆಧಾರ್ ಚೀಟಿ, ಊರಿನ ಪಹಣಿ ಇವನ್ನೆಲ್ಲ ಮೇಜಿನ ಮೇಲೆ ಹರಡಿ, ಪತಿಪತ್ನಿಯರಿಬ್ಬರೂ ಹೆಸರುಗಳನ್ನು ಹೋಲಿಸಿ ನೋಡುವುದು ಒಳಿತು. ವ್ಯತ್ಯಾಸ ಕಂಡಲ್ಲಿ ಆಧಾರ ಸಹಿತ ಅರ್ಜಿ ಕೊಟ್ಟು ಈಗಲೇ ತಿದ್ದಿಸಬೇಕು. ನಾಮನಿರ್ದೇಶನದ ನಮೂನೆಯಲ್ಲಿಯೂ ಅದೇ ಹೆಸರು, ಅದೇ ಅಕ್ಷರಗಳಲ್ಲಿ ಇರಬೇಕು.